ಗೇರ್ ಬಾಕ್ಸ್ ಇಳಿಸುವ ಮೊದಲು: ಹಳೆಯ ಇನ್ನೋವಾದ ಗೇರು, ಕ್ಲಚ್ಚಿನ ದೋಷ ಹುಡುಕುವ ಬಗೆ

ಬೆಳಿಗ್ಗೆ ಅಂಗಳದಿಂದ ಗಾಡಿ ತೆಗೆಯಲು ರಿವರ್ಸ್ ಹಾಕಿದರೆ ಕರ್ರ್ ಎಂದು ಅರಚುತ್ತದೆ. ಫಸ್ಟ್ ಗೇರು ಎರಡು ಸಲ ನೂಕಿದ ಮೇಲೆ ಬೀಳುತ್ತದೆ. ಸಂತೆ ದಿನ ಪೇಟೆಯಲ್ಲಿ ನಿಂತು ನಿಂತು ಹೋಗಬೇಕಾದರೆ ಅದೂ ಬೀಳುವುದಿಲ್ಲ, ಎಂಜಿನ್ ಆಫ್ ಮಾಡಿ ಗೇರು ಹಾಕಿ ಮತ್ತೆ ಸ್ಟಾರ್ಟ್ ಮಾಡಬೇಕು. ಇಷ್ಟು ಹೇಳಿ ಮುಗಿಸುವ ಮೊದಲೇ ಬಹಳ ಗ್ಯಾರೇಜುಗಳಲ್ಲಿ ಬರುವ ಉತ್ತರ ಒಂದೇ: ‘ಬಾಕ್ಸ್ ಹೋಗಿದೆ ಸಾರ್, ಇಳಿಸಬೇಕು.’

ನನ್ನ 2009ರ ಇನ್ನೋವಾಕ್ಕೂ ಇದೇ ತೀರ್ಪು ಬಂದಿತ್ತು. ಬಾಕ್ಸಿಗೆ ಏನೂ ಆಗಿರಲಿಲ್ಲ. ಆದರೆ ಅದನ್ನು ಕಂಡುಕೊಳ್ಳುವಷ್ಟರಲ್ಲಿ ನಾನೂ ಎರಡು ಸಲ ಎಡವಿದ್ದೇನೆ, ಒಮ್ಮೆ ಸುಮ್ಮನೆ ಗೇರ್ ಆಯಿಲ್ ಬದಲಿಸಿ, ಇನ್ನೊಮ್ಮೆ ಅರ್ಧ ಕೆಲಸ ಮಾಡಿ ಕೈ ತೊಳೆದುಕೊಂಡು. ಯಾವ ಪರೀಕ್ಷೆ ಮೊದಲು, ಯಾವುದು ಆಮೇಲೆ ಎಂಬ ಕ್ರಮ ಆಗ ಗೊತ್ತಿದ್ದರೆ ಒಂದು ಭಾನುವಾರದಲ್ಲಿ ಮುಗಿಯುತ್ತಿತ್ತು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೇಳುತ್ತಿರುವುದು 2005ರಿಂದ 2016ರವರೆಗೆ ಬಿಡದಿಯಲ್ಲಿ ತಯಾರಾದ ಮೊದಲ ತಲೆಮಾರಿನ ಇನ್ನೋವಾದ ಬಗ್ಗೆ: 2.5 ಲೀಟರ್ ಡೀಸೆಲ್, 5 ಗೇರು, ಹೈಡ್ರಾಲಿಕ್ ಕ್ಲಚ್, ಹಿಂದಿನ ಚಕ್ರಕ್ಕೆ ಎಳೆತ. ಅದರ ಹಿಂದಿನ ಕ್ವಾಲಿಸ್‌ಗೂ ಹೆಚ್ಚಿನದು ಹೊಂದುತ್ತದೆ. ಓಮ್ನಿಯಂಥ ಕೇಬಲ್ ಕ್ಲಚ್ಚಿನ ಗಾಡಿಯವರು ಕ್ಲಚ್ ಆಯಿಲ್ಲಿನ ಮಾತು ಬಿಟ್ಟು ಉಳಿದದ್ದು ಓದಿಕೊಳ್ಳಬಹುದು. ಆಟೊಮ್ಯಾಟಿಕ್ ಬಾಕ್ಸಿನ ಸಂಗತಿಯೇ ಬೇರೆ, ಅದು ಇಲ್ಲಿಲ್ಲ. ಇನ್ನೊಂದು ಮಾತು, ನನ್ನ ಗಾಡಿ 3 ಲಕ್ಷ ಕಿ.ಮೀ. ಹತ್ತಿರ ಓಡಿದ್ದು, ಅದರಲ್ಲಿ ಅರ್ಧ ಆಗುಂಬೆ ಘಾಟಿ ಹತ್ತಿ ಇಳಿದದ್ದು. ಆ 14 ಹೇರ್‌ಪಿನ್ ತಿರುವುಗಳಲ್ಲಿ ಏಳೆಂಟು ಜನ ತುಂಬಿಕೊಂಡು ಓಡಾಡಿದ ಗಾಡಿಯ ಕ್ಲಚ್ ಸವೆದರೆ ಅದು ವಯಸ್ಸಿನ ಸವೆತ. ಗಾಡಿ ಮಾಡಿದವರನ್ನು ದೂರಿ ಪ್ರಯೋಜನವಿಲ್ಲ.

ಮೊದಲು ಶಕ್ತಿ ಹೋಗುವ ದಾರಿ

ಎಂಜಿನ್ನಿನ ಹಿಂದೆ ಅದರ ಜೊತೆಗೇ ತಿರುಗುವ ಭಾರದ ಚಕ್ರ, ಫ್ಲೈವೀಲ್. ಅದಕ್ಕೆ ಪ್ರೆಶರ್ ಪ್ಲೇಟ್ ಬೋಲ್ಟ್ ಆಗಿದೆ, ಎರಡರ ನಡುವೆ ಕ್ಲಚ್ ಪ್ಲೇಟು ರೊಟ್ಟಿಯ ಹಾಗೆ ಸಿಕ್ಕಿಕೊಂಡಿದೆ. ಕ್ಲಚ್ ಪ್ಲೇಟಿನ ಮಧ್ಯದಿಂದ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್. ಬಾಕ್ಸಿನ ಹಿಂದಿನಿಂದ ಪ್ರೊಪೆಲ್ಲರ್ ಶಾಫ್ಟ್, ಅದರ ತುದಿಯಲ್ಲಿ ಡಿಫರೆನ್ಶಿಯಲ್ ಹೌಸಿಂಗಿನೊಳಗಿನ ಹಲ್ಲುಚಕ್ರದ ಜೋಡಿ, ಅಂದರೆ ಕ್ರೌನ್ ಪಿನಿಯನ್, ಅಲ್ಲಿಂದ ಎರಡು ಆಕ್ಸಲ್.

ಪೆಡಲ್ ಕಡೆಯಿಂದ ಬರುವುದು ಇನ್ನೊಂದು ದಾರಿ. ಪೆಡಲ್ ಒತ್ತಿದರೆ ಮಾಸ್ಟರ್ ಸಿಲಿಂಡರ್ ಆಯಿಲನ್ನು ತಳ್ಳುತ್ತದೆ, ಪೈಪು ಮತ್ತು ಹೋಸಿನ ಮೂಲಕ ಅದು ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚಿರುವ ಗಂಟೆಯಾಕಾರದ ಚಿಪ್ಪು) ಪಕ್ಕದಲ್ಲಿರುವ ಸ್ಲೇವ್ ಸಿಲಿಂಡರಿಗೆ ಬಂದು ಅದರ ಕಡ್ಡಿಯನ್ನು ಹೊರಗೆ ತಳ್ಳುತ್ತದೆ. ಕಡ್ಡಿ ಫೋರ್ಕನ್ನು, ಫೋರ್ಕು ರಿಲೀಸ್ ಬೇರಿಂಗನ್ನು, ಬೇರಿಂಗು ಪ್ರೆಶರ್ ಪ್ಲೇಟಿನ ಬೆರಳುಗಳನ್ನು ಒತ್ತುತ್ತದೆ. ಆಗ ಕ್ಲಚ್ ಪ್ಲೇಟು ಬಿಡುಗಡೆಯಾಗುತ್ತದೆ.

ಎರಡು ದಾರಿ ಕೂಡುವ ಜಾಗದಲ್ಲೇ ಗೊಂದಲ ಹುಟ್ಟುವುದು. ಪ್ಲೇಟು ಪೂರ್ತಿ ಬಿಡುಗಡೆಯಾಗದಿದ್ದರೆ ಇನ್‌ಪುಟ್ ಶಾಫ್ಟ್ ತಿರುಗುತ್ತಲೇ ಇರುತ್ತದೆ, ಗೇರು ಬೀಳುವುದಿಲ್ಲ. ಕೈಗೆ ಸಿಗುವುದು ಗೇರಿನ ಕೋಲು, ಆದ್ದರಿಂದ ಬೈಗಳು ಬಾಕ್ಸಿಗೆ.

ಐದು ನಿಮಿಷದ ಪರೀಕ್ಷೆ, ಒಂದೂ ಸ್ಪ್ಯಾನರ್ ಬೇಡ

ಎಂಜಿನ್ ಆಫ್ ಮಾಡಿ. ಕ್ಲಚ್ ಒತ್ತಿ ಒಂದರಿಂದ ಐದು, ಆಮೇಲೆ ರಿವರ್ಸ್, ಎಲ್ಲವನ್ನೂ ಹಾಕಿ ತೆಗೆಯಿರಿ. ಬೆಣ್ಣೆಯ ಹಾಗೆ ಬಿದ್ದರೆ ಬಾಕ್ಸಿನ ಕೋಲು, ಒಳಗೆ ಗೇರು ತಳ್ಳುವ ಫೋರ್ಕು, ರಾಡು ಸರಿಯಿವೆ. ಆಫ್ ಇದ್ದಾಗಲೂ ಬಿಗಿ ಎಂದರೆ ತೊಂದರೆ ಗೇರು ಬದಲಿಸುವ ಕಡೆಯೇ ಇದೆ: ಕೋಲಿನ ಬುಡದ ಬುಶ್, ಒಳಗಿನ ರಾಡು, ಇಲ್ಲವೇ ಆಯಿಲ್.

ಈಗ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿ ಬಿಡಿ. ಕ್ಲಚ್ಚನ್ನು ನೆಲ ಮುಟ್ಟುವಷ್ಟು ಒತ್ತಿ ಹಿಡಿದು ಮನಸ್ಸಿನಲ್ಲಿ ಹತ್ತು ಎಣಿಸಿ. ಆಮೇಲೆ ನಿಧಾನ ರಿವರ್ಸ್ ಹಾಕಿ. ಹತ್ತು ಎಣಿಸುವಷ್ಟರಲ್ಲಿ ಇನ್‌ಪುಟ್ ಶಾಫ್ಟ್ ನಿಂತಿರಬೇಕು, ರಿವರ್ಸ್ ಸದ್ದಿಲ್ಲದೆ ಬೀಳಬೇಕು. ಆಗಲೂ ಕರ್ರ್ ಎಂದರೆ ಪ್ಲೇಟು ಬಿಡುಗಡೆಯಾಗಿಲ್ಲ, ಎಳೆದುಕೊಂಡು ತಿರುಗುತ್ತಿದೆ. ಎಣಿಸದೆ ಹಾಕಿದಾಗ ಮಾತ್ರ ಕರ್ರ್ ಎಂದು, ಎಣಿಸಿ ಹಾಕಿದರೆ ಸರಿ ಇದೆ ಎಂದರೆ ಅದು ಅವಸರದ ದೋಷ, ಗಾಡಿಯದ್ದಲ್ಲ.

ಮೂರನೆಯದು: ಕ್ಲಚ್ಚನ್ನು ಬೇಗ ಬೇಗ ನಾಲ್ಕೈದು ಸಲ ಪಂಪ್ ಮಾಡಿ ಗೇರು ಹಾಕಿ. ಪಂಪ್ ಮಾಡಿದ ಮೇಲೆ ಸಲೀಸಾಗಿ ಬಿದ್ದರೆ ಉಳಿದ ಪರೀಕ್ಷೆಯ ಅಗತ್ಯವೇ ಬಹುತೇಕ ಇಲ್ಲ. ಆಯಿಲ್ ಲೈನಿನಲ್ಲಿ ಏರ್ ಇದೆ, ಇಲ್ಲವೇ ಸಿಲಿಂಡರಿನ ರಬ್ಬರು ಸವೆದಿದೆ.

ಒಂದೇ ಒಂದು ಗೇರು, ಅದೂ ಓಡುವಾಗ ಬೇಗ ಬದಲಿಸಿದರೆ ಮಾತ್ರ ಉಜ್ಜುತ್ತದೆ, ಉಳಿದವೆಲ್ಲ ಸರಿ ಎಂದಾದರೆ ಅದು ಗೇರು ಬೀಳುವ ಮೊದಲು ವೇಗ ಸಮ ಮಾಡುವ ಸಿಂಕ್ರೊ ರಿಂಗಿನ ಸವೆತ. ಸಾಮಾನ್ಯವಾಗಿ ಮೊದಲು ಸೋಲುವುದು ಸೆಕೆಂಡ್ ಗೇರಿನದು, ಅದರಲ್ಲೂ ಚಳಿಗಾಲದ ಬೆಳಿಗ್ಗೆ. ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟು, ಮತ್ತೆ ಒತ್ತಿ ಗೇರು ಹಾಕಿದರೆ ಸದ್ದು ಹೋಗುತ್ತದೆಯೇ ನೋಡಿ. ಹೋದರೆ ರೋಗ ಖಚಿತವಾಯಿತು. ಹಳೆಯ ಲಾರಿ ಡ್ರೈವರುಗಳು ಹಾಗೆಯೇ ಓಡಿಸುತ್ತಿದ್ದರು. ನೀವೂ ಹಾಗೇ ಇನ್ನೊಂದೆರಡು ವರ್ಷ ತಳ್ಳಬಹುದು.

ಪೆಡಲ್‌ನಿಂದ ಸ್ಲೇವ್‌ವರೆಗೆ

ಹೆಚ್ಚಿನ ಗಾಡಿಗಳ ಕಥೆ ಇಲ್ಲೇ ಮುಗಿಯುತ್ತದೆ, ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ನಗಬೇಡಿ, ಮೊದಲು ಮ್ಯಾಟ್ ನೋಡಿ. ಕಂಪನಿಯ ಕಾರ್ಪೆಟ್, ಅದರ ಮೇಲೆ ರಬ್ಬರ್ ಮ್ಯಾಟ್, ಅದರ ಮೇಲೆ ಮಳೆಗಾಲಕ್ಕೆಂದು ಹಾಕಿದ ದಪ್ಪ ನೂಡಲ್ ಮ್ಯಾಟ್. ಮೂರೂ ಸೇರಿ ಪೆಡಲಿನ ಓಟದಲ್ಲಿ ಎರಡು ಬೆರಳಷ್ಟು ನುಂಗುತ್ತವೆ. ಕ್ಲಚ್ ಬಿಡುಗಡೆಯಾಗುವುದೇ ಆ ಕೊನೆಯ ಎರಡು ಬೆರಳಿನಲ್ಲಿ. ನನ್ನ ಭಾವನ ಗಾಡಿಯ ‘ಗೇರ್ ಬಾಕ್ಸ್ ರಿಪೇರಿ’ ನಾನು ಮಾಡಿದ್ದು ಮ್ಯಾಟ್ ಎಳೆದು ಹಿಂದಿನ ಸೀಟಿಗೆ ಎಸೆದು.

ಆಮೇಲೆ ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿ. ಭಾರ ಸಿಗುವ ಮೊದಲು 5ರಿಂದ 15 ಮಿ.ಮೀ. ಸಡಿಲ ಇರಬೇಕು. ಅದಕ್ಕಿಂತ ಬಹಳ ಜಾಸ್ತಿ ಇದ್ದರೆ ಪೆಡಲಿನ ಪಿನ್ನು, ಬುಶ್ ಸವೆದಿದೆ ಅಥವಾ ಮಾಸ್ಟರಿನ ಕಡ್ಡಿ ಹೊಂದಿಸಬೇಕು. ಸಡಿಲವೇ ಇಲ್ಲದಿದ್ದರೆ ಅದು ಇನ್ನೂ ಕೆಟ್ಟದ್ದು, ಅದನ್ನು ಕ್ಲಚ್ ಜಾರುವ ಮಾತಿನಲ್ಲಿ ಹೇಳುತ್ತೇನೆ.

ಬಾನೆಟ್ ಎತ್ತಿ ಕ್ಲಚ್ ಆಯಿಲಿನ ಮಟ್ಟ ಮತ್ತು ಬಣ್ಣ ನೋಡಿ. ಹೊಸದು ತಿಳಿ ಹಳದಿ. ಕಪ್ಪು ಕಷಾಯದಂತಾಗಿದ್ದರೆ ರಬ್ಬರು ಕರಗಿ ಬರುತ್ತಿದೆ. ಈ ಆಯಿಲಿಗೆ ಗಾಳಿಯ ನೀರು ಹೀರುವ ಗುಣವಿದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯುವುದು ಕನಿಷ್ಠ 205 ಡಿಗ್ರಿಗೆ, ನೀರು ಹೀರಿಕೊಂಡ ಮೇಲೆ ಅದರ ಮಾನದಂಡ 140 ಡಿಗ್ರಿಗೆ ಇಳಿಯುತ್ತದೆ. ನಾಲ್ಕು ತಿಂಗಳು ಬಿಡದೆ ಸುರಿಯುವ ನಮ್ಮ ಕಡೆ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಲೇಸು. ಬ್ರೇಕ್ ಆಯಿಲ್ಲೇ ಇದಕ್ಕೂ. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ತಪ್ಪಿಯೂ ಹಾಕಬೇಡಿ, ರಬ್ಬರು ಊದಿ ಎರಡೂ ಸಿಲಿಂಡರ್ ಹಾಳಾಗುತ್ತವೆ. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಪೇಂಟ್ ಎದ್ದು ಬರುತ್ತದೆ.

ಮಟ್ಟ ಇಳಿದಿದ್ದರೆ ಸೋರಿಕೆ ಎಲ್ಲೋ ಇದೆ. ಎರಡು ಜಾಗದಲ್ಲಿ ಹುಡುಕಿ. ಒಂದು, ಡ್ರೈವರ್ ಕಾಲ ಬಳಿ ಪೆಡಲಿನ ಮೇಲ್ಗಡೆ, ಮಾಸ್ಟರಿನ ಕಡ್ಡಿ ಗೋಡೆಯಿಂದ ಒಳಗೆ ಬರುವ ಜಾಗ. ಕೈ ಹಾಕಿ ಸವರಿದರೆ ಒದ್ದೆ ಸಿಗುತ್ತದೆ. ಎರಡು, ಗಾಡಿಯ ಕೆಳಗೆ ಸ್ಲೇವ್ ಸಿಲಿಂಡರ್. ಅದರ ಬಾಯಿಗೆ ರಬ್ಬರಿನ ಟೊಪ್ಪಿ ಇರುತ್ತದೆ. ಹೊರಗಿನಿಂದ ನೋಡಿದರೆ ಧೂಳು ಕೂತು ಒಣಗಿರುತ್ತದೆ, ಎಲ್ಲ ಸರಿ ಎನ್ನಿಸುತ್ತದೆ. ನಾನು ಮೊದಲ ಸಲ ಮೋಸ ಹೋದದ್ದು ಅಲ್ಲೇ. ಟೊಪ್ಪಿಯ ಅಂಚನ್ನು ಸ್ಕ್ರೂ ಡ್ರೈವರಿನಿಂದ ಮೆಲ್ಲಗೆ ಎತ್ತಿದರೆ ಒಳಗಿನಿಂದ ಕಪ್ಪು ಆಯಿಲ್ ಮೊಣಕೈವರೆಗೆ ಇಳಿಯಿತು. ಅದು ಬಹಳ ದಿನದಿಂದ ಟೊಪ್ಪಿಯೊಳಗೇ ಸೋರಿ ಅಲ್ಲೇ ತುಂಬಿಕೊಂಡಿತ್ತು.

ಕೆಳಗೆ ಹೋಗುವಾಗ ಮಾತ್ರ ಜಾಗ್ರತೆ. ಜಾಕಿ ಒಂದನ್ನೇ ನಂಬಿ ತಲೆ ಕೊಡಬೇಡಿ. ಸ್ಟ್ಯಾಂಡ್ ಕೊಡಿ, ಚಕ್ರಕ್ಕೆ ಕಲ್ಲು ಕೊಡಿ, ಎಂಜಿನ್ ಆಫ್ ಇರಲಿ. ಸೈಲೆನ್ಸರ್ ಪೈಪು ಆರುವವರೆಗೆ ಕಾಯಿರಿ.

ಈಗ ಮುಖ್ಯ ಪರೀಕ್ಷೆ. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗಿನಿಂದ ಸ್ಲೇವಿನ ಕಡ್ಡಿಯನ್ನು ನೋಡಬೇಕು. ಟಾರ್ಚು ಮತ್ತು ಮಕ್ಕಳ ಸ್ಕೇಲು ಸಾಕು. ಒತ್ತಿದ ತಕ್ಷಣ ಕಡ್ಡಿ ಒಂದೇ ಏಟಿಗೆ ಹೊರಬಂದು ನಿಲ್ಲಬೇಕು. ಪೆಡಲ್ ಒತ್ತಿಯೇ ಹಿಡಿದು ಇಪ್ಪತ್ತು ಸೆಕೆಂಡ್ ಬಿಡಿ. ಕಡ್ಡಿ ನಿಂತಲ್ಲೇ ನಿಂತರೆ ಹೈಡ್ರಾಲಿಕ್ ಸರಿಯಿದೆ. ಮೆಲ್ಲಗೆ ವಾಪಸ್ ಜಾರುತ್ತಿದ್ದರೆ, ಹೊರಗೆ ಎಲ್ಲೂ ಒದ್ದೆ ಇಲ್ಲದಿದ್ದರೆ, ಮಾಸ್ಟರಿನೊಳಗೆ ರಬ್ಬರ್ ಕಪ್ ಆಯಿಲನ್ನು ತನ್ನ ಹಿಂದಕ್ಕೇ ಬಿಟ್ಟುಕೊಳ್ಳುತ್ತಿದೆ. ಬಂದಿದ್ದೇ ಸ್ವಲ್ಪ, ಆದರೆ ಜಾರುವುದಿಲ್ಲ ಎಂದರೆ ಏರ್ ಅಥವಾ ಸವೆದ ಪೆಡಲ್ ಬುಶ್. ಕಡ್ಡಿ ಪೂರ್ತಿ ಬರುತ್ತಿದೆ, ಆದರೂ ಗೇರು ಬೀಳುತ್ತಿಲ್ಲ ಎಂದರೆ ಮಾತ್ರ ದೋಷ ಬೆಲ್ ಹೌಸಿಂಗಿನ ಒಳಗೆ. ಬಾಕ್ಸ್ ಇಳಿಸುವ ಮಾತು ಎತ್ತಬಹುದಾದದ್ದು ಇಷ್ಟಾದ ಮೇಲೆ.

ನನ್ನಲ್ಲಿ ಕಡ್ಡಿ ಅರೆಬರೆ ಬರುತ್ತಿತ್ತು. ಸ್ಲೇವ್ ಬಿಚ್ಚಿ, ಒಳಗೆ ಗೀರಿಲ್ಲವೆಂದು ಉಗುರಿನಲ್ಲಿ ಸವರಿ ನೋಡಿ, ಹೊಸ ರಬ್ಬರ್ ಕಿಟ್ ಹಾಕಿದೆ. ಕಿಟ್ಟಿನ ಬೆಲೆ ಮನೆಯವರೆಲ್ಲ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದಷ್ಟು. ಉಗುರಿಗೆ ಗೀರು ಸಿಕ್ಕಿದರೆ ಕಿಟ್ ಹಾಕಿ ಪ್ರಯೋಜನವಿಲ್ಲ, ಸಿಲಿಂಡರೇ ಬೇಕು.

ಏರ್ ತೆಗೆಯುವುದು ಇಬ್ಬರ ಕೆಲಸ. ಸ್ಲೇವಿನಲ್ಲಿರುವ, ಏರ್ ಹೊರಬಿಡುವ ಬ್ಲೀಡ್ ನಿಪ್ಪಲಿಗೆ ಪಾರದರ್ಶಕ ಟ್ಯೂಬು ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಆಯಿಲ್ ಹಾಕಿದ ಬಾಟಲಿಯಲ್ಲಿ ಮುಳುಗಿಸಿಡಿ. ಮೇಲಿನವರು ಪೆಡಲ್ ಮೂರು ಸಲ ಒತ್ತಿ ಹಿಡಿಯಬೇಕು. ಕೆಳಗಿನವರು ನಿಪ್ಪಲ್ ಕಾಲು ಸುತ್ತು ಸಡಿಲಿಸಿ, ಆಯಿಲ್ ಬಂದ ಕೂಡಲೇ ಬಿಗಿ ಮಾಡಬೇಕು. ಬಿಗಿ ಮಾಡಿದ ಮೇಲೆ ಮಾತ್ರ ಪೆಡಲ್ ಬಿಡಬೇಕು, ಮೊದಲೇ ಬಿಟ್ಟರೆ ಹೋದ ಏರ್ ವಾಪಸ್ ಬರುತ್ತದೆ. ನಮ್ಮಲ್ಲಿ ಮೇಲೆ ಕೂತದ್ದು ನನ್ನ ಹೆಂಡತಿ. ‘ಒತ್ತು, ಹಿಡಿ, ಬಿಡು’ ಎಂದು ಇಪ್ಪತ್ತು ಸಲ ಕೂಗಿದ ಮೇಲೆ, ‘ಇಷ್ಟು ತುಳಿದಿದ್ದರೆ ಹೊಲಿಗೆ ಮಿಷನ್ನಿನಲ್ಲಿ ಎರಡು ರವಿಕೆ ಆಗ್ತಿತ್ತು’ ಎಂದಳು. ನಡುವೆ ಮೇಲಿನ ಡಬ್ಬಿ ಖಾಲಿಯಾಗಲು ಬಿಡಬೇಡಿ. ಖಾಲಿಯಾದರೆ ಮೊದಲಿನಿಂದ ಶುರು. ನಮಗೆ ಹಾಗಾಯಿತು, ರವಿಕೆಯ ಲೆಕ್ಕ ನಾಲ್ಕಕ್ಕೆ ಏರಿತು.

ಗಾಡಿ ಹೊಸದರ ಹಾಗಾಯಿತು. ಎಂಟು ದಿನಕ್ಕೆ ಮತ್ತೆ ಕರ್ರ್. ಸ್ಲೇವಿನ ರಬ್ಬರಿಗೆ ಎಷ್ಟು ವಯಸ್ಸೋ ಮಾಸ್ಟರಿನದಕ್ಕೂ ಅಷ್ಟೇ. ಕೆಳಗಿನ ಸೋರಿಕೆ ನಿಂತ ಮೇಲೆ ಲೈನಿನ ಒತ್ತಡ ಪೂರ್ತಿ ಏರಿತು, ಮೇಲಿನ ಹಳೆಯ ರಬ್ಬರು ಅದನ್ನು ತಡೆಯಲಿಲ್ಲ. ಎರಡೂ ಕಿಟ್ ಒಟ್ಟಿಗೇ ಹಾಕಿ. ಇದರಲ್ಲಿ ಉಳಿತಾಯ ಮಾಡಲು ಹೋದರೆ ಎರಡು ಸಲ ಏರ್ ತೆಗೆಯಬೇಕು, ಎರಡನೆಯ ಸಲ ಪೆಡಲ್ ಒತ್ತಲು ಜನ ಸಿಗುವುದಿಲ್ಲ.

ಒಂದು ಬೇರೆ ಸಂದರ್ಭವಿದೆ. ಮಕ್ಕಳು ಹೊರದೇಶದಲ್ಲಿದ್ದಾರೆ, ಗಾಡಿ ಇಡೀ ಮಳೆಗಾಲ ಶೆಡ್ಡಿನಲ್ಲಿ ನಿಂತಿತ್ತು, ಈಗ ಯಾವ ಗೇರೂ ಬೀಳುತ್ತಿಲ್ಲ. ಸ್ಲೇವಿನ ಕಡ್ಡಿ ಪೂರ್ತಿ ಬರುತ್ತಿದ್ದರೆ ಕ್ಲಚ್ ಪ್ಲೇಟು ತುಕ್ಕಿಗೆ ಫ್ಲೈವೀಲಿಗೇ ಅಂಟಿಕೊಂಡಿರುತ್ತದೆ. ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಆಫ್ ಮಾಡಿ, ಮುಂದೆ ಉದ್ದಕ್ಕೆ ಖಾಲಿ ಜಾಗವಿರುವಲ್ಲಿ ಸೆಕೆಂಡ್ ಗೇರಿನಲ್ಲೇ ಸ್ಟಾರ್ಟ್ ಮಾಡಿ. ಗಾಡಿ ಹೊರಡುತ್ತದೆ, ಎದೆ ಗಟ್ಟಿ ಇರಲಿ. ಕ್ಲಚ್ ಪೂರ್ತಿ ಒತ್ತಿ ಹಿಡಿದು ರೇಸ್ ಕೊಟ್ಟು ಬಿಟ್ಟು ಮಾಡಿದರೆ ಟಕ್ ಎಂದು ಬಿಡಿಸಿಕೊಳ್ಳುತ್ತದೆ. ಬ್ರೇಕ್ ಸರಿಯಿದೆಯೆಂದು ನೋಡಿಕೊಳ್ಳದೆ, ಜನವೋ ದನವೋ ಇರುವ ಕಡೆ ಇದನ್ನು ಮಾಡಬೇಡಿ.

ಎಂಜಿನ್ ಕೂಗುತ್ತದೆ, ಗಾಡಿ ಹತ್ತುವುದಿಲ್ಲ

ಇದು ಮೇಲಿನದರ ತಿರುಗುಮುರುಗು: ಕ್ಲಚ್ ಬಿಡುವುದರಲ್ಲಿ ತೊಂದರೆಯಿಲ್ಲ, ಹಿಡಿಯುವುದರಲ್ಲಿದೆ. ಏರು ರಸ್ತೆಯಲ್ಲಿ ಫೋರ್ತ್ ಗೇರಿನಲ್ಲಿ 40 ಕಿ.ಮೀ. ವೇಗದ ಆಸುಪಾಸು ಹೋಗುತ್ತಿರುವಾಗ ಒಮ್ಮೆಲೇ ಪೂರ್ತಿ ರೇಸ್ ಕೊಡಿ. ಆರ್‌ಪಿಎಂ ಮುಳ್ಳು ಮೇಲೆ ಹಾರಿ ವೇಗ ಅಲ್ಲೇ ಉಳಿದರೆ ಕ್ಲಚ್ ಜಾರುತ್ತಿದೆ. ಹ್ಯಾಂಡ್ ಬ್ರೇಕ್ ಎಳೆದು ಥರ್ಡ್ ಗೇರಿನಲ್ಲಿ ಕ್ಲಚ್ ಬಿಟ್ಟು ಎಂಜಿನ್ ಬಂದಾಗುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದರ ಮೇಲೆ ಅಷ್ಟು ನಂಬಿಕೆಯಿಲ್ಲ. ಪೂರ್ತಿ ಸೋತ ಕ್ಲಚ್ಚನ್ನು ಅದು ಹಿಡಿಯುತ್ತದೆ, ಆಗಷ್ಟೇ ಜಾರತೊಡಗಿದ್ದನ್ನು ಪಾಸು ಮಾಡಿಬಿಡುತ್ತದೆ.

ಜಾರಿದರೆ ಪ್ಲೇಟು ಸವೆದಿದೆ ಎಂದೇ ಅರ್ಥವಲ್ಲ. ಪೆಡಲಿನ ಸಡಿಲ ನೋಡಿ. ಸಡಿಲವೇ ಇಲ್ಲದಿದ್ದರೆ ಕಾಲು ತೆಗೆದ ಮೇಲೂ ಲೈನಿನಲ್ಲಿ ಒತ್ತಡ ಉಳಿದಿರುತ್ತದೆ, ಕ್ಲಚ್ ಸದಾ ಅರ್ಧ ಒತ್ತಿದ ಸ್ಥಿತಿಯಲ್ಲಿರುತ್ತದೆ. ಜಾರುತ್ತಿರುವಾಗಲೇ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಪೆಡಲಿಗೆ ಕಾಲು ಮುಟ್ಟಿಸದೆ ಬ್ಲೀಡ್ ನಿಪ್ಪಲ್ ಸಡಿಲಿಸಿ. ಆಯಿಲ್ ಪಿಚಕಾರಿಯಂತೆ ಚಿಮ್ಮಿದರೆ ಒತ್ತಡ ಸಿಕ್ಕಿಕೊಂಡಿತ್ತು. ಮಾಸ್ಟರಿನ ಕಡ್ಡಿ ಉದ್ದವಾಗಿ ಹೊಂದಿಸಲ್ಪಟ್ಟಿರಬಹುದು, ಆಯಿಲ್ ಡಬ್ಬಿಗೆ ವಾಪಸ್ ಹೋಗುವ ರಂಧ್ರ ಕಟ್ಟಿರಬಹುದು, ರಬ್ಬರ್ ಹೋಸ್ ಒಳಗೆ ಊದಿರಬಹುದು. ಸುಮ್ಮನೆ ಒಸರಿದರೆ ದೋಷ ಒಳಗಿನದೇ.

ಒಳಗಿನದೆಂದರೆ ಪ್ಲೇಟಿನ ಸವೆತ, ಸೋತ ಪ್ರೆಶರ್ ಪ್ಲೇಟು ಅಥವಾ ಪ್ಲೇಟಿಗೆ ಮೆತ್ತಿದ ಆಯಿಲ್. ಬೆಲ್ ಹೌಸಿಂಗಿನ ಕೆಳಗೆ ತೊಟ್ಟಿಕ್ಕುವ ಆಯಿಲನ್ನು ಬೆರಳಿನಲ್ಲಿ ತೆಗೆದು ಮೂಸಿ ನೋಡಿ. ಡೀಸೆಲ್ ಎಂಜಿನ್ನಿನ ಆಯಿಲ್ ಮಸಿಯಷ್ಟು ಕಪ್ಪು, ಸುಟ್ಟ ವಾಸನೆ. ಅದು ಬಂದರೆ ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ. ಗೇರ್ ಆಯಿಲ್ ಕಂದು, ಅಂಟು, ಕೊಳೆತ ಬೆಳ್ಳುಳ್ಳಿಗೆ ಗಂಧಕ ಬೆರೆಸಿದಂಥ ನಾತ, ಸೋಪು ಹಾಕಿ ತೊಳೆದರೂ ರಾತ್ರಿ ಊಟದವರೆಗೆ ಕೈ ಬಿಡುವುದಿಲ್ಲ. ಅದಾದರೆ ಬಾಕ್ಸಿನ ಮುಂದಿನ ಸೀಲ್. ಎರಡಕ್ಕೂ ಬಾಕ್ಸ್ ಇಳಿಸಲೇಬೇಕು. ಸೀಲ್ ಬಿಟ್ಟು ಕ್ಲಚ್ ಸೆಟ್ ಮಾತ್ರ ಹಾಕಿದರೆ ಹೊಸ ಪ್ಲೇಟೂ ನೆನೆಯುತ್ತದೆ.

ಸದ್ದು

ಸದ್ದಿನ ಪತ್ತೆಗೆ ಒಂದೇ ಉಪಾಯ: ಯಾವುದು ತಿರುಗಿದಾಗ ಬರುತ್ತದೆ, ಯಾವುದು ನಿಂತಾಗ ಹೋಗುತ್ತದೆ ಎಂದು ಬೇರ್ಪಡಿಸುವುದು.

ಗಾಡಿ ನಿಂತಿದೆ, ನ್ಯೂಟ್ರಲ್, ಎಂಜಿನ್ ಓಡುತ್ತಿದೆ. ಕ್ಲಚ್ ಒತ್ತದಿದ್ದಾಗ ಗೊರಗೊರ, ಒತ್ತಿದರೆ ಮಾಯ. ಒತ್ತಿದಾಗ ಬಾಕ್ಸಿನ ಒಳಗೆ ಇನ್‌ಪುಟ್ ಶಾಫ್ಟೂ ಅದರಿಂದ ತಿರುಗುವ ಪಕ್ಕದ ಕೌಂಟರ್ ಶಾಫ್ಟೂ ನಿಲ್ಲುತ್ತವೆ, ಆದ್ದರಿಂದ ಇದು ಅವುಗಳ ಬೇರಿಂಗ್. ಸಣ್ಣ ಗಿಲಗಿಲ ಸದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಡೀಸೆಲ್ ಎಂಜಿನ್ನಿನ ನಡುಕಕ್ಕೆ ಹಲ್ಲಿಗೆ ಹಲ್ಲು ತಾಗುವುದು ಇದ್ದದ್ದೇ. ಇದಕ್ಕೆ ವಿರುದ್ಧವಾಗಿ, ಒತ್ತಿದಾಗ ಮಾತ್ರ ಕಿರ್ರ್ ಎಂದು ಬರುವುದು ರಿಲೀಸ್ ಬೇರಿಂಗ್. ಪೆಡಲ್ ಮೇಲೆ ಬರೀ ಕಾಲಿನ ಭಾರ ಇಟ್ಟರೇ ಶುರುವಾದರೆ ಇನ್ನೂ ಖಚಿತ.

ಓಡುವಾಗಿನ ಸದ್ದಿಗೆ ಫೋರ್ತ್ ಗೇರು ನಿಮ್ಮ ಸಾಕ್ಷಿ. ಈ ಬಗೆಯ ಬಾಕ್ಸಿನಲ್ಲಿ ಫೋರ್ತ್ ಎಂದರೆ ನೇರ ಗೇರು. ಶಕ್ತಿ ಕೌಂಟರ್ ಶಾಫ್ಟಿಗೆ ಇಳಿಯದೆ ಇನ್‌ಪುಟ್‌ನಿಂದ ಮೈನ್ ಶಾಫ್ಟಿಗೆ ನೆಟ್ಟಗೆ ಹೋಗುತ್ತದೆ. ಒಂದು, ಎರಡು, ಮೂರು, ಐದರಲ್ಲಿ ಊಳಿಟ್ಟು ನಾಲ್ಕರಲ್ಲಿ ಮಾತ್ರ ಸುಮ್ಮನಾಗುವ ಬಾಕ್ಸಿನಲ್ಲಿ ಕೌಂಟರ್ ಶಾಫ್ಟಿನ ಬೇರಿಂಗೋ ಹಲ್ಲೋ ಸವೆದಿದೆ. ಒಂದೇ ಗೇರಿನಲ್ಲಿ ಬಂದರೆ ಆ ಗೇರಿನ ಜೋಡಿ. ಎಲ್ಲದರಲ್ಲೂ ಇದ್ದು, ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ತಂದು ನೋಡಿದರೂ ಹಾಗೇ ಇದ್ದರೆ ಬಾಕ್ಸಿನ ಮುಂದಿನ ಭಾಗದ್ದಲ್ಲ. ಹಿಂದಕ್ಕೆ ಹೋಗಿ ಹುಡುಕಿ. (ನ್ಯೂಟ್ರಲ್ ಪರೀಕ್ಷೆ ಖಾಲಿ ರಸ್ತೆಯಲ್ಲಿ, ಎಂಜಿನ್ ಓಡುತ್ತಿರುವಾಗ, ಒಂದು ಕ್ಷಣ ಮಾತ್ರ. ಘಾಟಿಯಲ್ಲಿ ಖಂಡಿತ ಬೇಡ.)

ಹಿಂದೆ ಎಂದರೆ ಪ್ರೊಪೆಲ್ಲರ್ ಶಾಫ್ಟ್, ಕ್ರೌನ್ ಪಿನಿಯನ್, ಚಕ್ರದ ಬೇರಿಂಗ್. ಹೊರಡುವಾಗ, ರೇಸ್ ಬಿಟ್ಟು ಕೊಡುವಾಗ ಟಣ್ ಎಂದು ಒಂದೇ ಏಟು ಕೇಳಿಸಿದರೆ ಶಾಫ್ಟಿನ ತುದಿಯ ಕೂಡುಗೀಲು, ಅಂದರೆ ಕ್ರಾಸ್. ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು ಶಾಫ್ಟನ್ನು ಕೈಯಿಂದ ತಿರುಚಿದರೆ ಕ್ರಾಸಿನಲ್ಲಿ ಆಟ ಕಾಣುತ್ತದೆ. ಕ್ರಾಸಿನ ಸುತ್ತ ಕೆಂಪು ಪುಡಿ ಕಂಡರೆ ಗ್ರೀಸ್ ಒಣಗಿ ಬಹಳ ದಿನವಾಗಿದೆ. ರೇಸ್ ಕೊಟ್ಟಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಸ್ವರ ಎಂದರೆ ಕ್ರೌನ್ ಪಿನಿಯನ್. ರೇಸಿಗೆ ಬದಲಾಗದೆ, ಸ್ಟೀರಿಂಗ್ ಎಡಕ್ಕೋ ಬಲಕ್ಕೋ ಎಳೆದಾಗ ಏರಿಳಿದರೆ ಚಕ್ರದ ಬೇರಿಂಗ್. ಒಂದು ವೇಗದಲ್ಲಿ ಮಾತ್ರ ಬರುವ ನಡುಕಕ್ಕೆ ಮೊದಲು ಟಯರ್ ಬ್ಯಾಲೆನ್ಸ್ ಮಾಡಿಸಿ, ಶಾಫ್ಟು ಆಮೇಲೆ.

ಗೇರು ತಾನಾಗಿ ನ್ಯೂಟ್ರಲ್‌ಗೆ ಹಾರುತ್ತಿದ್ದರೆ ಮೊದಲು ಬಾಕ್ಸಿನ ಕೆಳಗಿನ ಮೌಂಟಿಂಗ್ ರಬ್ಬರು ನೋಡಿ. ಅದು ಹರಿದರೆ ರೇಸ್ ಕೊಟ್ಟು ಬಿಟ್ಟಾಗ ಇಡೀ ಬಾಕ್ಸು ಏಳುತ್ತದೆ, ಕೋಲು ಕೈಯಲ್ಲಿ ಕುಣಿಯುತ್ತದೆ. ಅದು ಸರಿಯಿದ್ದರೆ ಒಳಗಿನ ಫೋರ್ಕು, ಸ್ಪ್ರಿಂಗು, ಸವೆದ ಹಲ್ಲು. ಇಳಿಸದೆ ಬೇರೆ ದಾರಿಯಿಲ್ಲ.

ಆಯಿಲ್ ಹೇಳುವ ಸುದ್ದಿ

ಗೇರ್ ಆಯಿಲ್ ಬದಲಿಸಿದರೆ ನನ್ನ ರೋಗ ವಾಸಿಯಾಗಲಿಲ್ಲ ನಿಜ, ಆದರೆ ಬಾಕ್ಸ್ ಸರಿಯಿದೆ ಎಂಬ ಧೈರ್ಯ ಬಂದದ್ದು ಆ ಆಯಿಲ್ ನೋಡಿಯೇ. ಒಂದು ಕಿವಿಮಾತು: ಮೊದಲು ತುಂಬುವ ಪ್ಲಗ್ ಬಿಚ್ಚಿ, ಆಮೇಲೆ ಇಳಿಸುವ ಪ್ಲಗ್. ಇಳಿಸಿದ ಮೇಲೆ ತುಂಬುವ ಪ್ಲಗ್ ಜಾಮ್ ಆಗಿದೆ ಎಂದು ಗೊತ್ತಾದರೆ ಗಾಡಿ ಅಲ್ಲೇ ಕೂರುತ್ತದೆ.

ಆಯಿಲನ್ನು ಬಿಳಿ ಪ್ಲಾಸ್ಟಿಕ್ ಬೇಸಿನ್ನಿಗೆ ಇಳಿಸಿ ಬಿಸಿಲಿಗೆ ಹಿಡಿಯಿರಿ. ಪ್ಲಗ್ಗಿನ ತುದಿಗೆ ಬೂದು ಬಣ್ಣದ ನುಣ್ಣನೆಯ ಮಸಿ ಅಂಟಿದ್ದರೆ ಅದು ಸಹಜ ಸವೆತ. ಆಯಿಲಿನಲ್ಲಿ ಚಿನ್ನದ ಪುಡಿಯಂಥ ಮಿನುಗು ಕಂಡರೆ ಹಿತ್ತಾಳೆಯ ಸಿಂಕ್ರೊ ರಿಂಗ್ ಸವೆಯುತ್ತಿದೆ, ಸ್ವಲ್ಪ ಇದ್ದರೆ ಗಾಬರಿ ಬೇಡ. ಬೆರಳಿಗೆ ಚುಚ್ಚುವ ಉಕ್ಕಿನ ಚೂರು ಸಿಕ್ಕರೆ ಹಲ್ಲೋ ಬೇರಿಂಗೋ ಮುರಿದಿದೆ, ಆ ಗಾಡಿಯನ್ನು ಮುಂದೆ ಓಡಿಸಬೇಡಿ. ಹಾಲು ಜಾಸ್ತಿಯಾದ ಕಾಫಿಯ ಬಣ್ಣವಿದ್ದರೆ ನೀರು ಹೊಕ್ಕಿದೆ. 2019ರ ಆಗಸ್ಟ್ ಮಳೆಯಲ್ಲಿ ನೀರು ನಿಂತ ರಸ್ತೆ ದಾಟಿದ್ದ ನನ್ನ ಗಾಡಿಯ ಡಿಫರೆನ್ಶಿಯಲ್‌ನಿಂದ ಇಳಿದದ್ದು ಅದೇ ಬಣ್ಣ. ಬಿಸಿಯಾದ ಹೌಸಿಂಗು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಮೇಲಿನ ಬ್ರೀದರ್ (ಗಾಳಿಯಾಡುವ ಸಣ್ಣ ಕಿಂಡಿ) ಮತ್ತು ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಬ್ರೀದರ್ ಕೆಸರಿನಿಂದ ಕಟ್ಟಿದರೆ ತಿರುಗಿ ಇನ್ನೊಂದು ತಾಪತ್ರಯ, ಒಳಗೆ ಒತ್ತಡ ಏರಿ ಸೀಲುಗಳಿಂದ ಆಯಿಲ್ ಹೊರಗೆ. ಸೀಲ್ ಬದಲಿಸುವ ಮೊದಲು ಬ್ರೀದರ್ ಒರೆಸಿ.

ಬಾಕ್ಸಿಗೆ 75ಡಬ್ಲ್ಯು-90 ಆಯಿಲ್, ಗಾಡಿಯ ಕೈಪಿಡಿಯಲ್ಲಿ ಬರೆದ ದರ್ಜೆಯದೇ. ಡಿಫರೆನ್ಶಿಯಲ್‌ಗೆ ಹೆಚ್ಚು ಒತ್ತಡ ತಾಳುವ ಜಿಎಲ್-5 ದರ್ಜೆ ಬೇಕೇ ಬೇಕು, ಕ್ರೌನ್ ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಜಾರುತ್ತಲೇ ಒತ್ತುವುದರಿಂದ. ‘ಗಟ್ಟಿ ಆಯಿಲ್ ಹಾಕಿದರೆ ಸದ್ದು ಕಮ್ಮಿ’ ಎಂದು 140 ಹಾಕುವವರಿದ್ದಾರೆ. ಸದ್ದು ಕಮ್ಮಿಯಾಗುತ್ತದೆ, ಚಳಿಯಲ್ಲಿ ಗೇರು ಬೀಳುವುದೂ ಕಮ್ಮಿಯಾಗುತ್ತದೆ. ಮಟ್ಟ ಸಮ ನೆಲದಲ್ಲಿ ತುಂಬುವ ತೂತಿನ ಕೆಳ ಅಂಚಿಗೆ ಬರಬೇಕು. ಕಿರುಬೆರಳು ಹಾಕಿ ಬಾಗಿಸಿದರೆ ತುದಿಗೆ ತಾಗಬೇಕು, ಅಷ್ಟೇ.

ಕೊನೆಗೂ ಇಳಿಸಬೇಕಾದಾಗ

ನನ್ನ ಬಾಕ್ಸೂ ಇಳಿಯಿತು, ಆದರೆ ಮೂರು ವರ್ಷ ಆದ ಮೇಲೆ, ಕ್ಲಚ್ ನಿಜವಾಗಿ ಜಾರತೊಡಗಿದಾಗ. ಇದು ಮನೆಯಂಗಳದ ಕೆಲಸವಲ್ಲ. ಪಿಟ್ ಇರುವ ಗ್ಯಾರೇಜಿಗೆ ಕೊಡಿ, ಆದರೆ ಪಕ್ಕದಲ್ಲಿ ನಿಲ್ಲಿ. ಬಿಚ್ಚಿದ ಪ್ಲೇಟನ್ನು ಕೈಗೆ ತೆಗೆದುಕೊಂಡು ನೋಡಿ. ರಿವೆಟಿನ ತಲೆ ಲೈನಿಂಗಿಗಿಂತ ಕನಿಷ್ಠ 0.3 ಮಿ.ಮೀ. ಕೆಳಗಿರಬೇಕು. ನನ್ನದರಲ್ಲಿ ರಿವೆಟು ಲೈನಿಂಗಿಗೆ ಸಮವಾಗಿ ಹೊಳೆಯುತ್ತಿತ್ತು, ಇನ್ನೊಂದು ತಿಂಗಳು ಓಡಿಸಿದ್ದರೆ ಫ್ಲೈವೀಲಿಗೆ ಗೀರು ಹಾಕುತ್ತಿತ್ತು. ಫ್ಲೈವೀಲಿನ ಮೇಲೆ ನೀಲಿ ಕಲೆ ಇದ್ದರೆ ಅದು ಹಾಫ್ ಕ್ಲಚ್ಚಿನಲ್ಲಿ ಘಾಟಿ ಹತ್ತಿದ ಗುರುತು. ಕಲೆಯ ಜೊತೆ ಕೂದಲೆಳೆ ಬಿರುಕಿದ್ದರೆ ಲೇತ್‌ಗೆ ಕೊಡಬೇಕು ಇಲ್ಲವೇ ಬದಲಿಸಬೇಕು, ಹಾಗೇ ಬಿಟ್ಟರೆ ಹೊರಡುವಾಗ ಗಾಡಿ ನಡುಗುತ್ತದೆ.

ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು, ಫ್ಲೈವೀಲ್ ಮಧ್ಯದ ಪೈಲಟ್ ಬೇರಿಂಗು ಒಂದೇ ಸಲ ಹಾಕಿಸಿ. ಕ್ರ್ಯಾಂಕ್ ಸೀಲ್ ಒದ್ದೆಯಿದ್ದರೆ ಅದೂ. ಪ್ಲೇಟಿನ ಯಾವ ಮುಖ ಫ್ಲೈವೀಲ್ ಕಡೆ ಎಂದು ಅದರ ಮೇಲೇ ಬರೆದಿರುತ್ತದೆ, ತಿರುಗಿಸಿ ಹಾಕಿದರೆ ಎಲ್ಲ ಬಿಗಿ ಮಾಡಿದ ಮೇಲೆ ಕ್ಲಚ್ ಬಿಡುಗಡೆಯಾಗುವುದಿಲ್ಲ. ಇನ್‌ಪುಟ್ ಶಾಫ್ಟಿನ ಹಲ್ಲಿಗೆ ಗ್ರೀಸ್ ತೆಳ್ಳಗೆ ಸವರಬೇಕು, ಮುದ್ದೆಗಟ್ಟಲೆ ಬಳಿದರೆ ತಿರುಗುವಾಗ ಅದು ಹಾರಿ ಪ್ಲೇಟಿಗೇ ಬೀಳುತ್ತದೆ. ಬಾಕ್ಸು ವಾಪಸ್ ಕೂರಿಸುವಾಗ ಭಾರವನ್ನು ಕ್ಲಚ್ ಪ್ಲೇಟಿನ ಮೇಲೆ ನೇತಾಡಲು ಬಿಟ್ಟರೆ ಹೊಸ ಪ್ಲೇಟಿನ ಮಧ್ಯಭಾಗ ಬಾಗುತ್ತದೆ. ಕೆಳಗೆ ಜಾಕಿ ಕೊಟ್ಟು ಹಿಡಿದಿರಲು ಹೇಳಿ.

‘ಹೇಗೂ ಇಳಿಸಿದ್ದೇವಲ್ಲ, ಬಾಕ್ಸ್ ಬಿಚ್ಚಿ ನೋಡಿಬಿಡೋಣ’ ಎಂಬ ಮಾತು ಆಗ ಬರುತ್ತದೆ. ಸದ್ದಿಲ್ಲ, ಗೇರು ಹಾರುವುದಿಲ್ಲ, ಆಯಿಲಿನಲ್ಲಿ ಚೂರಿಲ್ಲ ಎಂದಾದರೆ ಬೇಡ ಎನ್ನಿ. ನಾನು ಹಾಗೇ ಅಂದೆ. ಇನ್‌ಪುಟ್ ಶಾಫ್ಟನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದೆ, ಮೆಲ್ಲಗೆ ತಿರುಗಿಸಿ ಕಿವಿಗೊಟ್ಟೆ, ಕಚಕಚ ಇರಲಿಲ್ಲ. ಮುಂದಿನ ಸೀಲೊಂದನ್ನು ಬದಲಿಸಿ, ಬಾಕ್ಸನ್ನು ಹಾಗೇ ಮೇಲಕ್ಕೆ ಏರಿಸಿದರು. ಹೊಸ ಪ್ಲೇಟು ಕೂರುವ ತನಕ ಮೊದಲ 500 ಕಿ.ಮೀ. ಘಾಟಿಗೆ ಹೋಗಲಿಲ್ಲ, ಭಾರ ಹೇರಲಿಲ್ಲ. ಆಮೇಲೆ ಒಮ್ಮೆ ಕೆಳಗೆ ಇಣುಕಿ ಬೆಲ್ ಹೌಸಿಂಗ್ ಒಣಗಿದೆಯೇ, ಮೌಂಟಿಂಗ್ ಬೋಲ್ಟು ಬಿಗಿಯಿದೆಯೇ, ಕ್ಲಚ್ ಆಯಿಲ್ ಮಟ್ಟ ಇಳಿದಿಲ್ಲವೇ ಎಂದು ನೋಡಿಕೊಂಡು ಉಡುಪಿಗೆ ಹೊರಟೆವು.